ಕರ್ನಲ್ ಆದ ಮೇಲೆ ಯಾವ ದಾರಿ: ಭೂಸೇನೆಯ ಹಿರಿಯ ಅಧಿಕಾರಿಗಳ ಮುಂದಿರುವ ಆಯ್ಕೆಗಳ ಹೋಲಿಕೆ

ಭಾರತೀಯ ಭೂಸೇನೆಗೆ ಅಧಿಕಾರಿಯಾಗಿ ಸೇರಿದವರು ಮೊದಲ 13 ವರ್ಷ ಬಡ್ತಿಯ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗುವುದಿಲ್ಲ. 2 ವರ್ಷ ತುಂಬಿದಾಗ ಕ್ಯಾಪ್ಟನ್, 6 ವರ್ಷಕ್ಕೆ ಮೇಜರ್, 13 ವರ್ಷಕ್ಕೆ ಲೆಫ್ಟಿನೆಂಟ್ ಕರ್ನಲ್ ಎಂಬ ಕ್ರಮ, ಅಜಯ್ ವಿಕ್ರಮ್ ಸಿಂಗ್ ಸಮಿತಿಯ ಶಿಫಾರಸುಗಳು 2004ರ ಕೊನೆಯಲ್ಲಿ ಜಾರಿಗೆ ಬಂದಂದಿನಿಂದ ನಡೆದುಬಂದಿದೆ. ಇಲಾಖಾ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಶಿಸ್ತಿನ ತೊಡಕಿಲ್ಲದೆ ಸೇವೆ ಸಲ್ಲಿಸಿದವರಿಗೆ ಅದು ಕಾಲದ ಲೆಕ್ಕದಲ್ಲೇ ಒದಗುತ್ತದೆ. ಕವಲು ಎದುರಾಗುವುದು ಅದರ ಮುಂದೆ. ಕರ್ನಲ್, ಬ್ರಿಗೇಡಿಯರ್, ಮೇಜರ್ ಜನರಲ್, ಲೆಫ್ಟಿನೆಂಟ್ ಜನರಲ್ ಪದವಿಗಳು ಆಯ್ಕೆಯಿಂದ ದೊರೆಯುವಂಥವು, ಮತ್ತು ಮೇಲೇರಿದಂತೆಲ್ಲ ಹುದ್ದೆಗಳ ಸಂಖ್ಯೆ ಇಳಿಯುತ್ತ ಹೋಗುತ್ತದೆ. ಆಯ್ಕೆಯಾಗದೆ ಉಳಿದವರಿಗೆ 26 ವರ್ಷ ಸೇವೆ ತುಂಬಿದಾಗ ಕಾಲಶ್ರೇಣಿಯ ಕರ್ನಲ್ ಪದವಿ ಸಿಗುತ್ತದೆಯಾದರೂ, ಅದರೊಂದಿಗೆ ಪಲ್ಟನ್ನಿನ, ಅಂದರೆ ಬೆಟಾಲಿಯನ್ನಿನ, ನೇತೃತ್ವ ಬರುವುದಿಲ್ಲ.

ಈ ಹಂತದಲ್ಲಿ ತೆರೆದಿರುವ ದಾರಿಗಳನ್ನು ಹೋಲಿಸುವವರು ಸಾಮಾನ್ಯವಾಗಿ ಪದವಿಯಿಂದ ಪದವಿಗೆ ಅಳೆಯುತ್ತಾರೆ. ಅದು ಅಷ್ಟೇನೂ ಉಪಯೋಗಕ್ಕೆ ಬಾರದ ಅಳತೆ ಎಂಬುದು ನನ್ನ ಅಭಿಪ್ರಾಯ. ಪದವಿಯನ್ನು ಕೊಡುವುದು ಸೇನೆಯ ಆಯ್ಕೆ ಮಂಡಳಿ. ಅಧಿಕಾರಿಯ ಕೈಯಲ್ಲಿ ಸ್ವಲ್ಪವಾದರೂ ಇರುವುದು ಕೆಲಸದ ಬಗೆಯನ್ನು ಆರಿಸಿಕೊಳ್ಳುವ ಅವಕಾಶ. ಆ ಆರಿಸುವಿಕೆಯೂ ಕರ್ನಲ್ ಆದ ಮೇಲೆ ಶುರುವಾಗುವುದಿಲ್ಲ. ಮೇಜರ್ ಆಗಿದ್ದಾಗ ಯಾವ ಪರೀಕ್ಷೆಗೆ ಕುಳಿತರು, ಯಾವ ಹುದ್ದೆಗೆ ಇಷ್ಟ ಸೂಚಿಸಿದರು, ಯಾವುದನ್ನು ಮುಂದೂಡಿದರು ಎಂಬುದರಲ್ಲೇ ಅದರ ಮುಕ್ಕಾಲು ಭಾಗ ಮುಗಿದುಹೋಗಿರುತ್ತದೆ. ಹಾಗಾಗಿ ಈ ಹೋಲಿಕೆ ಈಗಾಗಲೇ ಕವಲಿನಲ್ಲಿ ನಿಂತಿರುವವರಿಗೆ ಎಷ್ಟೋ, ಹತ್ತು ವರ್ಷದ ಸೇವೆಯ ಆಸುಪಾಸಿನಲ್ಲಿರುವವರಿಗೂ ಅವರ ಕುಟುಂಬದವರಿಗೂ ಅಷ್ಟೇ ಸಂಬಂಧಿಸಿದ್ದು.

ಮಂಡಳಿಯ ಮುಂದೆ ಇರುವ ಹಾಳೆ

ಕರ್ನಲ್ ಬಡ್ತಿಗೆ 3ನೇ ನಂಬರಿನ ಆಯ್ಕೆ ಮಂಡಳಿ, ಬ್ರಿಗೇಡಿಯರ್‌ಗೆ 2ನೇ ನಂಬರಿನದು, ಮೇಜರ್ ಜನರಲ್‌ಗೆ 1ನೇ ನಂಬರಿನದು, ಲೆಫ್ಟಿನೆಂಟ್ ಜನರಲ್‌ಗೆ ವಿಶೇಷ ಆಯ್ಕೆ ಮಂಡಳಿ ಎಂಬ ವ್ಯವಸ್ಥೆಯಿದೆ. ಇದನ್ನೆಲ್ಲ ನಡೆಸುವುದು ಸೇನಾ ಪ್ರಧಾನ ಕಚೇರಿಯ ಮಿಲಿಟರಿ ಸೆಕ್ರೆಟರಿ ಶಾಖೆ. ಅಧಿಕಾರಿಗಳ ಬಾಯಲ್ಲಿ ಅದು ‘ಎಂ.ಎಸ್. ಬ್ರಾಂಚ್’. ಮಂಡಳಿಯ ಸದಸ್ಯರ ಕೈಗೆ ಬರುವ ಮಾಹಿತಿ ಹಾಳೆಯಲ್ಲಿ ಅಧಿಕಾರಿಯ ಗುರುತನ್ನು ಮರೆಮಾಡಿರಲಾಗುತ್ತದೆ. ಅದರಲ್ಲಿ ಕಾಣುವುದು ವಾರ್ಷಿಕ ಗೋಪ್ಯ ವರದಿಗಳ ಅಂಕಗಳು, ಮುಗಿಸಿದ ಕೋರ್ಸ್‌ಗಳು, ಪಡೆದ ಪದಕಗಳು, ಶಿಸ್ತಿನ ದಾಖಲೆ, ನಿರ್ವಹಿಸಿದ ಹುದ್ದೆಗಳು. ಅಂಕಗಳ ಬಹುಪಾಲು ಈ ದಾಖಲೆಗಳಿಂದಲೇ ಬರುತ್ತದೆ. ಮಂಡಳಿಯ ವಿವೇಚನೆಗೆ ಉಳಿಯುವುದು ಸಣ್ಣ ಪಾಲು.

ಗೋಪ್ಯ ವರದಿಯ ಮಾಪಕ 9 ಅಂಕಗಳದ್ದು. 7 ಎಂದರೆ ಕಾಗದದ ಮೇಲೆ ಸರಾಸರಿಗಿಂತ ಮೇಲು. ಆದರೆ ಅದೇ ಬ್ಯಾಚಿನ ಉಳಿದವರಿಗೆಲ್ಲ 8 ಮತ್ತು 9 ಬಿದ್ದಿರುವಾಗ, ಕಮಾಂಡ್ ಅವಧಿಯ, ಅಂದರೆ ತುಕಡಿಯನ್ನು ಮುನ್ನಡೆಸಿದ ಕಾಲದ, ವರದಿಯಲ್ಲಿ ಬಿದ್ದ ಒಂದೆರಡು 7ಗಳೇ ಬಾಗಿಲು ಮುಚ್ಚಿಬಿಡಬಹುದು. ಒಬ್ಬ ಅಧಿಕಾರಿಯನ್ನು ಮಂಡಳಿ ಮೂರು ಬಾರಿ ಪರಿಗಣಿಸುತ್ತದೆ: ಬ್ಯಾಚಿನೊಂದಿಗೆ ಮೊದಲ ಸಲ, ಬಳಿಕ ಮೊದಲ ಮರುಪರಿಶೀಲನೆ, ಆಮೇಲೆ ಅಂತಿಮ ಮರುಪರಿಶೀಲನೆ. ಅಲ್ಲಿಯೂ ಆಗದಿದ್ದರೆ ‘ಸೂಪರ್‌ಸೀಡ್’ ಆದವರೆಂಬ ಗುಂಪಿಗೆ ಸೇರಬೇಕಾಗುತ್ತದೆ. ಆ ಪದದಲ್ಲಿ ಅವಮಾನದ ಧ್ವನಿಯಿದ್ದರೂ, ಪಿರಮಿಡ್ಡಿನ ಆಕಾರವನ್ನು ನೋಡಿದರೆ ಒಳ್ಳೆಯ ಅಧಿಕಾರಿಗಳಲ್ಲೇ ಹೆಚ್ಚಿನವರು ಒಂದಲ್ಲ ಒಂದು ಮೆಟ್ಟಿಲಲ್ಲಿ ಅಲ್ಲಿಗೆ ಬಂದೇ ತೀರುತ್ತಾರೆ.

ದಾಖಲೆಗೆ ಇಷ್ಟು ತೂಕವಿರುವಾಗ ಮೊದಲಿನ ಆಯ್ಕೆಗಳು ಎಷ್ಟು ದೂರ ಬೆನ್ನಟ್ಟುತ್ತವೆ ಎಂಬುದಕ್ಕೆ ಮಹಿಳಾ ಅಧಿಕಾರಿಗಳ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಕಾಯಂ ಕಮಿಷನ್, ಅಂದರೆ ನಿವೃತ್ತಿಯವರೆಗಿನ ಸೇವೆ, ಕೊಡಬೇಕೆಂದೂ, ಕಮಾಂಡ್ ಹುದ್ದೆಗಳಿಂದ ಅವರನ್ನು ಸಾರಾಸಗಟಾಗಿ ಹೊರಗಿಡಲಾಗದೆಂದೂ ತೀರ್ಪು ನೀಡಿತು. ಆದರೆ ಅವರಿಗೆ ಮುಂದೆ ಬಡ್ತಿಯ ದಾರಿಯೇ ಇಲ್ಲವೆಂಬ ನಂಬಿಕೆಯಲ್ಲಿ ಹಿಂದಿನ ಗೋಪ್ಯ ವರದಿಗಳನ್ನು ಅಸಡ್ಡೆಯಿಂದ ಬರೆಯಲಾಗಿತ್ತು ಎಂಬುದನ್ನು 2021ರಲ್ಲಿ ಅದೇ ನ್ಯಾಯಾಲಯ ಗುರುತಿಸಬೇಕಾಯಿತು. ಕರ್ನಲ್ ಪದವಿಗೆ ಅವರಿಗಾಗಿಯೇ ವಿಶೇಷ ಮಂಡಳಿ ಸೇರಿದ್ದು 2023ರಲ್ಲಿ.

ಕಮಾಂಡ್ ದಾರಿ

ಸೇನೆಯಲ್ಲಿ ಹೆಚ್ಚಿನವರು ಮನಸ್ಸಿನಲ್ಲೇ ಬಯಸುವ ದಾರಿ ಇದು. ಕರ್ನಲ್ ಆಗಿ ಸುಮಾರು 800 ಮಂದಿಯ ಪಲ್ಟನ್ನಿಗೆ ಕಮಾಂಡಿಂಗ್ ಆಫೀಸರ್ ಆಗುವುದು, ಬಳಿಕ ಒಂದಕ್ಕಿಂತ ಒಂದು ದೊಡ್ಡದಾದ ಬ್ರಿಗೇಡ್, ಡಿವಿಷನ್, ಕೋರ್, ಕೊನೆಗೆ ಸೇನಾ ಕಮಾಂಡ್. ಭೂಸೇನೆಗೆ ಇರುವುದು ಆರು ಕಾರ್ಯಾಚರಣಾ ಕಮಾಂಡ್‌ಗಳು ಮತ್ತು ಶಿಮ್ಲಾದ ತರಬೇತಿ ಕಮಾಂಡ್. ಅಂದರೆ ಒಂದು ಕಾಲಕ್ಕೆ ಆರ್ಮಿ ಕಮಾಂಡರ್ ಎನಿಸಿಕೊಳ್ಳುವವರು ಏಳೇ ಮಂದಿ.

ಈ ದಾರಿಯ ವಿಚಿತ್ರವೆಂದರೆ, ಎತ್ತರಕ್ಕೆ ಹೋದಂತೆಲ್ಲ ಕಮಾಂಡಿನ ಅವಧಿ ಮೊಟಕಾಗುತ್ತದೆ. ಪಲ್ಟನ್ನಿನಲ್ಲಿ ಎರಡು, ಎರಡೂವರೆ ವರ್ಷ ಸಿಕ್ಕರೆ, ಕೋರ್ ಮಟ್ಟದಲ್ಲಿ ಸುಮಾರು ಒಂದು ವರ್ಷ. ಜವಾನರ ಹೆಸರು, ಊರು, ಮನೆಯ ಕಷ್ಟಗಳನ್ನೆಲ್ಲ ತಿಳಿದು ನಡೆಸುವ ನಾಯಕತ್ವ ಕರ್ನಲ್ ಹಂತಕ್ಕೇ ಮುಗಿಯುತ್ತದೆ. ಆಮೇಲಿನದು ನಕ್ಷೆ, ಸಮ್ಮೇಳನ, ಮೀಸಲು ಪಡೆ ಎಲ್ಲಿ ನಿಲ್ಲಬೇಕೆಂಬ ತೀರ್ಮಾನ. 2023ರ ಆಗಸ್ಟ್ 1ರಿಂದ ಬ್ರಿಗೇಡಿಯರ್ ಮತ್ತು ಮೇಲ್ಪಟ್ಟವರಿಗೆಲ್ಲ ಒಂದೇ ಸಮವಸ್ತ್ರ ಬಂದಿದೆ. ಗೂರ್ಖಾ ರೆಜಿಮೆಂಟಿನವರು ಓರೆ ಅಂಚಿನ ಟೋಪಿಯನ್ನು, ಪ್ಯಾರಾಟ್ರೂಪರ್ ಕೆಂಗಂದು ಬೆರೆಟ್ಟನ್ನು, ಎಲ್ಲರೂ ಭುಜದಿಂದ ಇಳಿಬೀಳುವ ತಮ್ಮ ರೆಜಿಮೆಂಟಿನ ಬಣ್ಣದ ಲ್ಯಾನ್‌ಯಾರ್ಡನ್ನು ಬಿಟ್ಟು, ಒಂದೇ ಬಗೆಯ ಟೋಪಿ, ಬೆಲ್ಟು, ಬೂಟು ಧರಿಸುತ್ತಾರೆ. ಆ ದಿನ ಪೆಟ್ಟಿಗೆಗೆ ಸೇರುವ ಲ್ಯಾನ್‌ಯಾರ್ಡಿನ ಬಗ್ಗೆ ಹಿರಿಯರು ನಗುತ್ತಲೇ ಮಾತಾಡಿದರೂ, ಇಪ್ಪತ್ತೈದು ವರ್ಷ ಒಂದೇ ರೆಜಿಮೆಂಟಿನ ಹೆಸರಿನಲ್ಲಿ ಬದುಕಿದವರಿಗೆ ಅದು ಸಣ್ಣ ಮಾತೇನಲ್ಲ. ರೆಜಿಮೆಂಟಿನ ಬದುಕಿಗಾಗಿಯೇ ಸೇನೆಯನ್ನು ಪ್ರೀತಿಸಿದವರು ಬ್ರಿಗೇಡಿಯರ್ ಹುದ್ದೆಯನ್ನು ಪಲ್ಟನ್ನಿನ ದೊಡ್ಡ ರೂಪವೆಂದು ಭಾವಿಸಿದರೆ ನಿರಾಶೆಯಾದೀತು.

ಬೆಲೆಯೂ ಹೆಚ್ಚು. ಸಕ್ರಿಯ ಕಮಾಂಡಿಗೆ ದೇಹಾರೋಗ್ಯದ ಶ್ರೇಣಿ ಉತ್ತಮವಾಗಿರಬೇಕು. ಸೇನೆಯ ಭಾಷೆಯಲ್ಲಿ ‘ಶೇಪ್-1’. ನೇಮಕ ಹೆಚ್ಚಾಗಿ ಗಡಿಯಲ್ಲಿ, ಕುಟುಂಬಕ್ಕೆ ಪ್ರವೇಶವಿಲ್ಲದ ಕಡೆ. ಮಕ್ಕಳು ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯಲ್ಲಿರುವ ವರ್ಷಗಳೇ ಇವು. ಇನ್ನು ಆಕಸ್ಮಿಕದ ಪಾಲು. ತನ್ನ ತುಕಡಿಯಲ್ಲಿ ನಡೆದ ಒಂದು ಅವಘಡಕ್ಕೆ, ಅದರಲ್ಲಿ ತನ್ನ ತಪ್ಪು ಇರಲಿ ಬಿಡಲಿ, ಉತ್ತರದಾಯಿ ಕಮಾಂಡರನೇ. ಇದಕ್ಕೆಲ್ಲ ಮನೆಯವರೂ ಕೂಡಿ ಒಪ್ಪಿದ್ದರೆ ಮಾತ್ರ ಈ ದಾರಿಗೆ ಇಳಿಯುವುದು ಮೇಲು.

ಸ್ಟಾಫ್ ದಾರಿ

ಸ್ಟಾಫ್ ಎಂದರೆ ಕಮಾಂಡರನ ತೀರ್ಮಾನಕ್ಕೆ ಬೇಕಾದ ಯೋಜನೆ, ಗುಪ್ತ ಮಾಹಿತಿ, ಸರಬರಾಜು, ಸಿಬ್ಬಂದಿ ವ್ಯವಹಾರಗಳನ್ನು ಸಿದ್ಧಪಡಿಸುವ ಕೆಲಸ. ಇದರ ಹೆಬ್ಬಾಗಿಲು ನೀಲಗಿರಿಯ ವೆಲಿಂಗ್ಟನ್‌ನಲ್ಲಿರುವ ಡಿಫೆನ್ಸ್ ಸರ್ವಿಸಸ್ ಸ್ಟಾಫ್ ಕಾಲೇಜು. ಅದರ ಪ್ರವೇಶ ಪರೀಕ್ಷೆಯನ್ನು ಬರೆಯುವುದು ಮುಖ್ಯವಾಗಿ ಮೇಜರ್ ಹಂತದಲ್ಲಿ. ಅದನ್ನು ಪಾಸು ಮಾಡದವರು ಕರ್ನಲ್ ಆಗಲಾರರು ಎಂದೇನಿಲ್ಲ, ಆದರೆ ಮೇಲ್ಮಟ್ಟದ ಸ್ಟಾಫ್ ಹುದ್ದೆಗಳಲ್ಲಿ ಅದಿಲ್ಲದವರನ್ನು ಹುಡುಕಬೇಕಾಗುತ್ತದೆ. ಮುಂದೆ ಮ್ಹೋವ್‌ನ ವಾರ್ ಕಾಲೇಜಿನ ಹೈಯರ್ ಕಮಾಂಡ್ ಕೋರ್ಸ್, ಸಿಕಂದರಾಬಾದಿನ ಡಿಫೆನ್ಸ್ ಮ್ಯಾನೇಜ್‌ಮೆಂಟ್ ಕಾಲೇಜು, ಬ್ರಿಗೇಡಿಯರ್ ಮಟ್ಟದಲ್ಲಿ ದೆಹಲಿಯ ನ್ಯಾಷನಲ್ ಡಿಫೆನ್ಸ್ ಕಾಲೇಜು ಇವೆ. 1960ರಲ್ಲಿ ಆರಂಭವಾದ ಈ ಕೊನೆಯ ಸಂಸ್ಥೆಯಲ್ಲಿ ಸೇನಾಧಿಕಾರಿಗಳ ಪಕ್ಕದಲ್ಲೇ ಐಎಎಸ್, ಐಪಿಎಸ್ ಅಧಿಕಾರಿಗಳೂ ವಿದೇಶಿ ಸೇನೆಗಳವರೂ ಸುಮಾರು ಒಂದು ವರ್ಷ ಕಲಿಯುತ್ತಾರೆ.

ಇಲ್ಲಿ ಗಮನಿಸಲೇಬೇಕಾದ ಒಂದು ಅಂಶವಿದೆ. ಮೇಲಿನ ಹಂತಗಳಲ್ಲಿ, ಮುಖ್ಯವಾಗಿ ಮೇಜರ್ ಜನರಲ್ ಬಡ್ತಿಯ ಹೊತ್ತಿಗೆ, ಮಂಡಳಿಯು ಕೆಲವರನ್ನು ‘ಕಮಾಂಡ್ ಮತ್ತು ಸ್ಟಾಫ್’ ಎಂದೂ ಕೆಲವರನ್ನು ‘ಸ್ಟಾಫ್’ ಎಂದಷ್ಟೇ ಆಯ್ಕೆ ಮಾಡುತ್ತದೆ. ಹೆಗಲ ಮೇಲಿನ ಚಿಹ್ನೆ ಇಬ್ಬರಿಗೂ ಒಂದೇ, ಸಂಬಳವೂ ಒಂದೇ. ಆದರೆ ಎರಡನೆಯವರಿಗೆ ಡಿವಿಷನ್ನಿನ ಕಮಾಂಡ್ ಸಿಗುವುದಿಲ್ಲ, ಹಾಗಾಗಿ ಕೋರ್ ಮತ್ತು ಆರ್ಮಿ ಕಮಾಂಡಿನ ದಾರಿಯೂ ಅಲ್ಲಿಗೇ ನಿಲ್ಲುತ್ತದೆ. ‘ಸ್ಟಾಫ್’ ಎಂದು ಆಯ್ಕೆಯಾದವರಲ್ಲಿ ಕೆಲವರು ಇದನ್ನು ಅರ್ಧ ಗೆಲುವೆಂದು ಭಾವಿಸಿ ಉಳಿದ ಸೇವೆಯನ್ನು ಕಹಿಯಲ್ಲಿ ಕಳೆಯುತ್ತಾರೆ. ಕಾರಣವಿಲ್ಲದ ಕಹಿ ಅದು. ಶಸ್ತ್ರಾಸ್ತ್ರ ಖರೀದಿ, ಬಜೆಟ್, ಸೈನಿಕರ ಸೇವಾ ನಿಯಮಗಳಂಥ ವಿಷಯಗಳಲ್ಲಿ ರಕ್ಷಣಾ ಸಚಿವಾಲಯದ ಒಂದು ಕಡತದ ಮೇಲೆ ಸರಿಯಾದ ಟಿಪ್ಪಣಿ ಬರೆಯುವ ಮೇಜರ್ ಜನರಲ್, ಇಡೀ ಸೇನೆಯ ಮುಂದಿನ ಇಪ್ಪತ್ತು ವರ್ಷಗಳನ್ನು ಮುಟ್ಟಬಲ್ಲ. ಡಿವಿಷನ್ನಿನ ಕಮಾಂಡರನ ಪ್ರಭಾವಕ್ಕೆ ಅಷ್ಟು ಆಯುಸ್ಸಿಲ್ಲ.

ಈ ಎರಡು ದಾರಿಗಳ ಸಂಬಂಧವನ್ನು 1971ರ ಭಾರತ-ಪಾಕಿಸ್ತಾನ ಯುದ್ಧದ ಪೂರ್ವ ದಿಕ್ಕಿನ ರಣರಂಗದಲ್ಲಿ ಹತ್ತಿರದಿಂದ ನೋಡಬಹುದು. ಈಸ್ಟರ್ನ್ ಕಮಾಂಡಿನ ಮುಖ್ಯಸ್ಥರು ಲೆಫ್ಟಿನೆಂಟ್ ಜನರಲ್ ಜಗಜಿತ್ ಸಿಂಗ್ ಅರೋರಾ. ಅವರ ಚೀಫ್ ಆಫ್ ಸ್ಟಾಫ್ ಮೇಜರ್ ಜನರಲ್ ಜೆ.ಎಫ್.ಆರ್. ಜೇಕಬ್. ಪೂರ್ವ ದಿಕ್ಕಿನಿಂದ ನುಗ್ಗಿದ 4ನೇ ಕೋರಿನ ಕಮಾಂಡರ್ ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್. ಸೇತುವೆ ಮುರಿದಿದ್ದ ಮೇಘನಾ ನದಿಯನ್ನು ಹೆಲಿಕಾಪ್ಟರ್‌ಗಳಲ್ಲಿ ಸೈನಿಕರನ್ನು ಸಾಗಿಸಿ ದಾಟಿದ್ದು ಸಗತ್ ಸಿಂಗ್ ಅವರ ರಣರಂಗದ ಧೈರ್ಯ. ಡಿಸೆಂಬರ್ 16ರಂದು ಶರಣಾಗತಿಯ ಕರಡನ್ನು ಹಿಡಿದು ಢಾಕಾಕ್ಕೆ ಹೋಗಿ ಅಲ್ಲಿನ ಪಾಕಿಸ್ತಾನಿ ಸೇನೆಯ ಕಮಾಂಡರ್ ನಿಯಾಜಿಯವರ ಎದುರು ಕುಳಿತದ್ದು ಜೇಕಬ್. ಅಂದು ಸಂಜೆ ಸಹಿ ಹಾಕಿದ್ದು ಅರೋರಾ. ಯಾರ ಪಾಲು ಎಷ್ಟು ಎಂಬ ವಾದ ಇಂದಿಗೂ ನಿಂತಿಲ್ಲ. ನಮ್ಮ ಹೋಲಿಕೆಗೆ ಬೇಕಾದದ್ದು ಮುಂದಿನ ಕತೆ: ಜೇಕಬ್ ಮುಂದೆ ಅದೇ ಈಸ್ಟರ್ನ್ ಕಮಾಂಡಿನ ಮುಖ್ಯಸ್ಥರಾಗಿ 1978ರಲ್ಲಿ ನಿವೃತ್ತರಾದರು, ಸಗತ್ ಸಿಂಗ್ ಆರ್ಮಿ ಕಮಾಂಡರ್ ಆಗದೆಯೇ 1976ರಲ್ಲಿ ಸೇವೆಯಿಂದ ಹೊರಬಂದರು. ಜೇಕಬ್ ಅವರೂ ಅದಕ್ಕೂ ಮುಂಚೆ ಡಿವಿಷನ್ ನಡೆಸಿದವರೇ ಎಂಬುದನ್ನು ಮರೆಯಬಾರದು. ಎರಡರಲ್ಲೂ ಕೈ ಪಳಗಿಸಿಕೊಂಡವರಿಗೆ ಕೊನೆಯ ಹಂತದಲ್ಲಿ ಅವಕಾಶ ಹೆಚ್ಚು.

ತಾಂತ್ರಿಕ ಮತ್ತು ಪರಿಣತಿಯ ದಾರಿ

ಯಂತ್ರೋಪಕರಣಗಳ ದುರಸ್ತಿಯ ಇಎಂಇ, ಮದ್ದುಗುಂಡು ಮತ್ತು ಸಾಮಗ್ರಿಯ ಆರ್ಡ್‌ನೆನ್ಸ್, ಸರಬರಾಜಿನ ಎಎಸ್‌ಸಿ ಮುಂತಾದ ದಳಗಳಲ್ಲಿ ಹಿರಿಯ ಹುದ್ದೆಗಳು ಹೆಚ್ಚಾಗಿ ಆಯಾ ದಳದೊಳಗೇ ಇರುತ್ತವೆ, ಶಿಖರದಲ್ಲಿ ಲೆಫ್ಟಿನೆಂಟ್ ಜನರಲ್ ದರ್ಜೆಯ ಮಹಾನಿರ್ದೇಶಕರು. ಕಾದಾಡುವ ದಳಗಳಿಗೆ ಹೆಚ್ಚು ಕರ್ನಲ್ ಹುದ್ದೆ ಕೊಟ್ಟ ನೀತಿಯ ವಿರುದ್ಧ ಇಂಥ ದಳಗಳ ಅಧಿಕಾರಿಗಳು ನ್ಯಾಯಾಲಯಕ್ಕೆ ಹೋಗಿದ್ದರು. 2016ರಲ್ಲಿ ಸುಪ್ರೀಂ ಕೋರ್ಟ್ ಆ ನೀತಿಯನ್ನು ಎತ್ತಿಹಿಡಿಯಿತು. ಕಮಿಷನ್ ಪಡೆಯುವ ಹೊತ್ತಿಗೆ ದಳವನ್ನು ಆರಿಸಿಕೊಳ್ಳುವ ಯುವಕ ಯುವತಿಯರು ಇದನ್ನು ತಿಳಿದಿರಬೇಕು, ಏಕೆಂದರೆ ಇಪ್ಪತ್ತೆರಡರ ಹರೆಯದಲ್ಲಿ ಮಾಡಿದ ಆ ಆಯ್ಕೆಯನ್ನು ಆಮೇಲೆ ಬದಲಿಸುವುದು ಅಪರೂಪ.

ಎಂಜಿನಿಯರುಗಳ ಸ್ಥಿತಿ ಸ್ವಲ್ಪ ಬೇರೆ. ಅವರು ಕಾದಾಟದ ದಳದವರೂ ಹೌದು, ಕಟ್ಟುವವರೂ ಹೌದು. 1960ರಲ್ಲಿ ಸ್ಥಾಪನೆಯಾದ ಬಾರ್ಡರ್ ರೋಡ್ಸ್ ಆರ್ಗನೈಸೇಷನ್ ಅವರಿಗೆ ದೊಡ್ಡ ಕ್ಷೇತ್ರ. 2020ರಲ್ಲಿ ತೆರೆದ, 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ಆ ಸಂಸ್ಥೆಯದ್ದೇ ಕೆಲಸ. ಕೋರ್ ಆಫ್ ಎಂಜಿನಿಯರ್ಸ್‌ನಿಂದ ಬಂದು ಭೂಸೇನಾ ಮುಖ್ಯಸ್ಥರಾದ ಮೊದಲಿಗರು ಜನರಲ್ ಮನೋಜ್ ಪಾಂಡೆ, ಅದೂ 2022ರಲ್ಲಿ. ಬಾಗಿಲು ಇದೆ, ಆದರೆ ಅದು ತೆರೆಯಲು ಎಷ್ಟು ಕಾಲ ಹಿಡಿಯಿತೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೌಕಾಪಡೆ ಮತ್ತು ವಾಯುಪಡೆಗಳಲ್ಲಿ ಈ ಗೆರೆ ಇನ್ನೂ ಬಿಗಿ: ಯುದ್ಧನೌಕೆಯನ್ನು ನಡೆಸುವುದು ಎಕ್ಸಿಕ್ಯೂಟಿವ್ ಶಾಖೆಯವರು, ವಾಯುಪಡೆಯ ಮುಖ್ಯಸ್ಥರಾಗಿ ಬಂದವರು ಹಾರಾಟದ ಶಾಖೆಯವರು.

ರಕ್ಷಣಾ ಸಂಶೋಧನೆಯ ಡಿಆರ್‌ಡಿಒ ಅಥವಾ ಗುಣಮಟ್ಟ ಪರಿಶೀಲನೆಯ ಮಹಾನಿರ್ದೇಶನಾಲಯಕ್ಕೆ ಕಾಯಂ ಆಗಿ ಸೇರಿಹೋಗುವುದು ಇನ್ನೊಂದು ಬಗೆ. ಎಂ.ಟೆಕ್. ಮಾಡಿ, ಪ್ರಯೋಗಾಲಯದ ಕೆಲಸದಲ್ಲಿ ಸುಖ ಕಂಡವರಿಗೆ, ಮಕ್ಕಳ ಓದಿಗಾಗಿ ಒಂದೇ ಊರಿನಲ್ಲಿ ನೆಲೆಸಬೇಕಾದವರಿಗೆ ಇದು ಹೊಂದುತ್ತದೆ. ಬಡ್ತಿಯ ಸ್ಪರ್ಧೆ ಅಲ್ಲಿನ ಸಹೋದ್ಯೋಗಿಗಳೊಂದಿಗೆ ಮಾತ್ರ. ಹಾಗೆ ಸೇರಿದ ಮೇಲೆ ಪಲ್ಟನ್ನಿಗೆ ಮರಳುವ ಮಾತಿಲ್ಲ.

ಜಂಟಿ ಹುದ್ದೆ, ನಿಯೋಜನೆ, ವಿಶ್ವಸಂಸ್ಥೆ

ಹಿಂದೆ ಮುಖ್ಯ ಪ್ರವಾಹದಿಂದ ಪಕ್ಕಕ್ಕೆ ಸರಿದಂತೆ ಕಾಣುತ್ತಿದ್ದ ಮೂರೂ ಪಡೆಗಳ ಜಂಟಿ ಹುದ್ದೆಗಳಿಗೆ ಈಗ ತೂಕ ಬಂದಿದೆ. 2001ರಲ್ಲಿ ಅಂಡಮಾನ್ ಮತ್ತು ನಿಕೋಬಾರ್ ಕಮಾಂಡ್, 2003ರಲ್ಲಿ ಅಣ್ವಸ್ತ್ರಗಳನ್ನು ನೋಡಿಕೊಳ್ಳುವ ಸ್ಟ್ರಾಟೆಜಿಕ್ ಫೋರ್ಸಸ್ ಕಮಾಂಡ್, 2020ರ ಜನವರಿ 1ರಂದು ಚೀಫ್ ಆಫ್ ಡಿಫೆನ್ಸ್ ಸ್ಟಾಫ್ ಹುದ್ದೆ, ಬಳಿಕ ಒಂದು ಪಡೆಯ ಮುಖ್ಯಸ್ಥ ಬೇರೆ ಪಡೆಯವರ ಮೇಲೂ ಶಿಸ್ತಿನ ಅಧಿಕಾರ ಚಲಾಯಿಸಲು ಅನುವು ಮಾಡಿದ 2023ರ ಕಾಯ್ದೆ, ಹೀಗೆ ಒಂದರ ಹಿಂದೆ ಒಂದು ಬಂದಿವೆ. ಇಂದು ಲೆಫ್ಟಿನೆಂಟ್ ಕರ್ನಲ್ ಆಗಿರುವವರು ಜಂಟಿ ಹುದ್ದೆಯ ಒಂದು ಅವಧಿಯನ್ನು ತಪ್ಪಿಸಿಕೊಳ್ಳದಿರುವುದು ಜಾಣತನ ಎಂಬುದು ನನ್ನ ಸಲಹೆ. ಪಕ್ಕದ ದಾರಿಯೇ ಕೆಲವೊಮ್ಮೆ ಶಿಖರಕ್ಕೆ ತಲುಪಿಸಬಹುದು. ಜನರಲ್ ಅನಿಲ್ ಚೌಹಾಣ್ ಈಸ್ಟರ್ನ್ ಕಮಾಂಡಿನ ಮುಖ್ಯಸ್ಥರಾಗಿ 2021ರ ಮೇನಲ್ಲಿ ನಿವೃತ್ತರಾಗಿ, ರಾಷ್ಟ್ರೀಯ ಭದ್ರತಾ ಮಂಡಳಿಯ ಸಚಿವಾಲಯದಲ್ಲಿ ಸೇನಾ ಸಲಹೆಗಾರರಾಗಿದ್ದರು. ನಿವೃತ್ತ ಲೆಫ್ಟಿನೆಂಟ್ ಜನರಲ್‌ಗಳನ್ನೂ ಪರಿಗಣಿಸುವಂತೆ 2022ರ ಜೂನ್‌ನಲ್ಲಿ ನಿಯಮ ತಿದ್ದುಪಡಿಯಾದ ಮೇಲೆ, ಅದೇ ಸೆಪ್ಟೆಂಬರ್ 30ರಂದು ಚೀಫ್ ಆಫ್ ಡಿಫೆನ್ಸ್ ಸ್ಟಾಫ್ ಆದರು. ಯಾರೂ ಇದನ್ನು ಯೋಜನೆ ಹಾಕಿ ಸಾಧಿಸಲಾರರು, ನಿಜ.

ಸೇನೆಯ ಹೊರಗಿನ ಸಂಸ್ಥೆಗಳಿಗೆ ಕೆಲಕಾಲ ಹೋಗುವ ನಿಯೋಜನೆಯ ಹುದ್ದೆಗಳು ಹಲವಿವೆ: ಎನ್‌ಸಿಸಿ, ಎನ್‌ಎಸ್‌ಜಿ, ವಿದೇಶಗಳಲ್ಲಿನ ರಾಯಭಾರ ಕಚೇರಿಗಳು, ಗೃಹ ಸಚಿವಾಲಯದ ಆಡಳಿತದಲ್ಲಿದ್ದರೂ ಸೇನೆಯ ಲೆಫ್ಟಿನೆಂಟ್ ಜನರಲ್ ಮುನ್ನಡೆಸುವ ಅಸ್ಸಾಂ ರೈಫಲ್ಸ್. ಇವುಗಳಲ್ಲಿ ಅಸ್ಸಾಂ ರೈಫಲ್ಸ್‌ನಲ್ಲಿ ಕಾರ್ಯಾಚರಣೆಯ ಅನುಭವ ಉಂಟು, ರಾಯಭಾರ ಕಚೇರಿಯಲ್ಲಿ ಜಗತ್ತಿನ ಪರಿಚಯ ಉಂಟು. ಆದರೆ ಬಡ್ತಿಗೆ ಕಡ್ಡಾಯವಾದ ಕಮಾಂಡ್ ವರದಿ ಇನ್ನೂ ಬಾಕಿಯಿರುವಾಗ ಇಂಥ ಹುದ್ದೆಗೆ ಹೋದವರು, ಮರಳಿ ಬರುವ ಹೊತ್ತಿಗೆ ತಮ್ಮ ಬ್ಯಾಚು ಮುಂದೆ ಹೋಗಿರುವುದನ್ನು ಕಾಣುತ್ತಾರೆ. ವಿಶ್ವಸಂಸ್ಥೆಯ ಶಾಂತಿಪಾಲನೆಗೂ ಇದೇ ಮಾತು ಅನ್ವಯಿಸುತ್ತದೆ. ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರು ಎರಡನೆಯ ಮಹಾಯುದ್ಧದಲ್ಲಿ ಬ್ರಿಗೇಡನ್ನೂ, 1948ರಲ್ಲಿ ಕಾಶ್ಮೀರದಲ್ಲಿ ಡಿವಿಷನ್ನನ್ನೂ ನಡೆಸಿದ ಮೇಲೆಯೇ 1953ರಲ್ಲಿ ಕೊರಿಯಾದ ತಟಸ್ಥ ರಾಷ್ಟ್ರಗಳ ಯುದ್ಧಕೈದಿ ಆಯೋಗದ ಅಧ್ಯಕ್ಷರಾದದ್ದು. 1957ರಿಂದ 1961ರವರೆಗೆ ಸೇನೆಯ ಮುಖ್ಯಸ್ಥರಾಗಿದ್ದು ನಿವೃತ್ತರಾದ ಬಳಿಕ ಸೈಪ್ರಸ್‌ನ ವಿಶ್ವಸಂಸ್ಥೆ ಪಡೆಯನ್ನು ಮುನ್ನಡೆಸಿದರು, ಅಲ್ಲಿಯೇ 1965ರಲ್ಲಿ ತೀರಿಕೊಂಡರು. ರಣರಂಗದ ಕೆಲಸ ಮೊದಲು, ರಾಜತಾಂತ್ರಿಕ ಕೆಲಸ ಆಮೇಲೆ ಎಂಬ ಆ ಅನುಕ್ರಮ ಈಗಲೂ ಸರಿಯಾದದ್ದೇ.

ವಯಸ್ಸು, ಸಂಬಳ, ಹೊರಡುವ ಹೊತ್ತು

ಭೂಸೇನೆಯಲ್ಲಿ ಸಾಮಾನ್ಯವಾಗಿ ಕರ್ನಲ್ 54ಕ್ಕೆ, ಬ್ರಿಗೇಡಿಯರ್ 56ಕ್ಕೆ, ಮೇಜರ್ ಜನರಲ್ 58ಕ್ಕೆ, ಲೆಫ್ಟಿನೆಂಟ್ ಜನರಲ್ 60ಕ್ಕೆ ನಿವೃತ್ತರಾಗುತ್ತಾರೆ. ಸೇನಾ ಮುಖ್ಯಸ್ಥರಿಗೆ 62 ವರ್ಷ ಅಥವಾ ಮೂರು ವರ್ಷದ ಅವಧಿ, ಯಾವುದು ಮೊದಲೋ ಅದು. ಪ್ರತಿ ಬಡ್ತಿಯೂ ಎರಡು ವರ್ಷದ ಸೇವೆಯನ್ನು ಕೂಡಿಸುತ್ತದೆ ಎಂಬುದಷ್ಟೇ ಇದರ ಅರ್ಥವಲ್ಲ. ಕೋರ್ ಮತ್ತು ಆರ್ಮಿ ಕಮಾಂಡ್‌ಗಳಿಗೆ ನಿಗದಿತ ಅವಧಿಯ ಸೇವೆ ಬಾಕಿ ಉಳಿದಿರಬೇಕಾದ್ದರಿಂದ, ಅಕಾಡೆಮಿಗೆ ಸೇರುವಾಗಿನ ವಯಸ್ಸು ಮೂವತ್ತೈದು ವರ್ಷಗಳ ನಂತರವೂ ಎದುರು ಬಂದು ನಿಲ್ಲುತ್ತದೆ. ಅಂದಿನ ಸೇನಾ ಮುಖ್ಯಸ್ಥ ಜನರಲ್ ವಿ.ಕೆ. ಸಿಂಗ್ ಅವರ ಜನ್ಮವರ್ಷ 1950ವೋ 1951ವೋ ಎಂಬ ಪ್ರಶ್ನೆ 2012ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದದ್ದನ್ನು ನೆನೆದರೆ ಒಂದು ವರ್ಷದ ಬೆಲೆ ಎಷ್ಟೆಂದು ತಿಳಿಯುತ್ತದೆ.

ಸಂಬಳಕ್ಕಾಗಿ ಮೇಲಿನ ಪದವಿಯನ್ನು ಬೆನ್ನಟ್ಟುವುದರಲ್ಲಿ ಹುರುಳಿಲ್ಲ. 7ನೇ ವೇತನ ಆಯೋಗದ ಲೆಕ್ಕದಲ್ಲಿ ಕರ್ನಲ್‌ಗೆ ಆರಂಭಿಕ ಮೂಲವೇತನ ₹1,30,600, ಬ್ರಿಗೇಡಿಯರ್‌ಗೆ ₹1,39,600, ಮೇಜರ್ ಜನರಲ್‌ಗೆ ₹1,44,200. ಆದರೆ ತಿಂಗಳಿಗೆ ₹15,500ರ ಮಿಲಿಟರಿ ಸೇವಾ ವೇತನ ಬ್ರಿಗೇಡಿಯರ್ ಹಂತಕ್ಕೇ ನಿಲ್ಲುತ್ತದೆ. ಆರಂಭಿಕ ಅಂಕಿಗಳನ್ನಷ್ಟೇ ಕೂಡಿ ನೋಡಿದರೆ ಬ್ರಿಗೇಡಿಯರ್ ₹1,55,100ರಲ್ಲಿ, ಅವರ ಮೇಲಧಿಕಾರಿ ಮೇಜರ್ ಜನರಲ್ ₹1,44,200ರಲ್ಲಿ ನಿಲ್ಲುತ್ತಾರೆ! ಸೇನೆಯೊಳಗೆ ಈ ಅಸಂಗತಿಯ ಬಗ್ಗೆ ಗೊಣಗಾಟ ಹಳೆಯದು.

ಹಾಗಾದರೆ ಕರ್ನಲ್ ಹಂತದಲ್ಲೇ ಹೊರಬರುವುದು ಒಂದು ಆಯ್ಕೆಯಾಗಿ ಗಂಭೀರ ಪರಿಗಣನೆಗೆ ಯೋಗ್ಯವಾದದ್ದೇ. ಅಧಿಕಾರಿಗಳಿಗೆ ಪೂರ್ಣ ಪಿಂಚಣಿಯ ಅರ್ಹತೆ 20 ವರ್ಷದ ಸೇವೆಗೆ ಬರುತ್ತದೆ. ನಲವತ್ತೈದರ ಸುಮಾರಿಗೆ ಹೊರಬಂದವರಿಗೆ ಸರಕು ಸಾಗಣೆ, ಭದ್ರತೆ, ವಿಪತ್ತು ನಿರ್ವಹಣೆ, ಶಿಕ್ಷಣ ಸಂಸ್ಥೆಗಳ ಆಡಳಿತ ಮುಂತಾದ ಕ್ಷೇತ್ರಗಳಲ್ಲಿ ಹದಿನೈದು ವರ್ಷ ದುಡಿಯುವ ಅವಕಾಶವಿದೆ. 58ಕ್ಕೆ ಬಂದ ಮೇಜರ್ ಜನರಲ್‌ಗೆ ಗೌರವ ಹೆಚ್ಚು, ಕೆಲಸ ಕಲಿಯಲು ಕಾಲ ಕಡಿಮೆ. ಬಹಳ ಮೇಲಿನ ಹಂತದಲ್ಲಿ ಹೊರಬಂದವರ ಪೈಕಿ ಲೆಫ್ಟಿನೆಂಟ್ ಜನರಲ್ ಎಸ್.ಕೆ. ಸಿನ್ಹಾ ಅವರ ಮಾತೇ ಬೇರೆ: 1983ರಲ್ಲಿ ಸೇನಾ ಮುಖ್ಯಸ್ಥರ ಹುದ್ದೆಗೆ ತಮ್ಮನ್ನು ದಾಟಿ ಜನರಲ್ ಎ.ಎಸ್. ವೈದ್ಯ ಅವರ ಆಯ್ಕೆಯಾದಾಗ ರಾಜೀನಾಮೆ ಕೊಟ್ಟ ಅವರು, ಮುಂದೆ ನೇಪಾಳದಲ್ಲಿ ರಾಯಭಾರಿಯಾಗಿ, ಅಸ್ಸಾಂ ಹಾಗೂ ಜಮ್ಮು ಮತ್ತು ಕಾಶ್ಮೀರದ ರಾಜ್ಯಪಾಲರಾಗಿ ಕೆಲಸ ಮಾಡಿದರು. ಅದನ್ನು ಮಾದರಿಯಾಗಿ ಇಟ್ಟುಕೊಳ್ಳಲಾಗದು.

ಅವಧಿಗೆ ಮುನ್ನ ನಿವೃತ್ತಿ ಬಯಸುವವರು ಎರಡು ಸಂಗತಿಗಳನ್ನು ನೋಡಿಕೊಳ್ಳಬೇಕು. ಅರ್ಜಿ ಹಾಕಿದೊಡನೆ ಬಿಡುಗಡೆ ಸಿಗುವುದು ಹಕ್ಕಲ್ಲ; ಮಂಜೂರಾತಿಗೆ ತಿಂಗಳುಗಳೇ ಹಿಡಿಯಬಹುದು, ಅಷ್ಟರಲ್ಲಿ ಮಕ್ಕಳ ಶಾಲಾ ವರ್ಷ, ಮನೆ, ಹೊಸ ಕೆಲಸದ ದಿನಾಂಕ ಎಲ್ಲವೂ ಅಡ್ಡ ಬರುತ್ತವೆ. ಇನ್ನೊಂದು, ಒಂದೇ ಪದವಿಯಲ್ಲಿ ಒಂದೇ ಅವಧಿ ಸೇವೆ ಸಲ್ಲಿಸಿದವರಿಗೆ, ಯಾವಾಗ ನಿವೃತ್ತರಾಗಿದ್ದರೂ, ಸಮಾನ ಪಿಂಚಣಿ ಕೊಡುವ ‘ಒಂದು ಶ್ರೇಣಿ, ಒಂದು ಪಿಂಚಣಿ’ಯ ಮಾತು. 2015ರ ನವೆಂಬರ್ ಆದೇಶವು ಅಲ್ಲಿಂದ ಮುಂದೆ ಸ್ವಇಚ್ಛೆಯಿಂದ ಹೊರಬರುವವರನ್ನು ಅದರಿಂದ ಹೊರಗಿಟ್ಟಿತು. ಆ ಷರತ್ತು ವಿವಾದವಾಗಿ ನ್ಯಾಯಮಂಡಳಿಯ ಮೆಟ್ಟಿಲನ್ನೂ ಏರಿದೆ. ಆದ್ದರಿಂದ ಅರ್ಜಿಗೆ ಸಹಿ ಹಾಕುವ ಮುನ್ನ, 54ರವರೆಗೆ ಇದ್ದರೆ ಸಿಗುವ ಪಿಂಚಣಿಯನ್ನೂ ಈಗಲೇ ಹೊರಟರೆ ಸಿಗುವುದನ್ನೂ ಅಂದಿನ ಆದೇಶಗಳ ಪ್ರಕಾರ ಬೇರೆಬೇರೆಯಾಗಿ ಲೆಕ್ಕ ಹಾಕಿಸಿ, ಎರಡೂ ಹಾಳೆಗಳನ್ನು ಮನೆಯವರೊಂದಿಗೆ ಕುಳಿತು ಓದುವುದು ಒಳ್ಳೆಯದು.